ಕಿಮ್ ಗು ಬದುಕನ್ನು ಬಾಡಿಗೆ ಲೆಕ್ಕದಿಂದ ಹೇಳಿದೆ: ನನ್ನ ಅನುಭವ

ಜಪಾನ್ ಆಳುತ್ತಿದ್ದ ಕೊರಿಯಾದ ಸ್ವಾತಂತ್ರ್ಯ ಹೋರಾಟಗಾರ ಕಿಮ್ ಗು ಅಂದರೆ ಎಲ್ಲರೂ ಬಾಂಬಿನಿಂದ ಶುರು ಮಾಡುತ್ತಾರೆ. 1932ರ ಏಪ್ರಿಲ್ 29, ಶಾಂಘೈನ ಹೊಂಗ್‌ಕೌ ಪಾರ್ಕ್, ಬಾಂಬ್ ಎಸೆಯಲು ಅವರು ಕಳಿಸಿದ ಯುನ್ ಬೊಂಗ್‌ಗಿಲ್, ಸತ್ತ ಜಪಾನಿ ಜನರಲ್ ಶಿರಕಾವಾ. ನಮ್ಮ ಓದುವ ಬಳಗಕ್ಕೆ ಅವರ ಕಥೆ ಹೇಳುವಾಗ ನಾನು ಬಾಡಿಗೆಯಿಂದ ಶುರು ಮಾಡಿದೆ. ದೇಶವೇ ಕೈಯಲ್ಲಿಲ್ಲದವರು ಸರ್ಕಾರ ನಡೆಸಿದ್ದು ಹೇಗೆ ಅನ್ನೋದೇ ನನಗೆ ಮುಖ್ಯವಾಗಿತ್ತು.

ಉತ್ತರ ಅವರ ಆತ್ಮಕಥೆಯಲ್ಲೇ ಇದೆ. 1919ರಲ್ಲಿ ಶಾಂಘೈಗೆ ಬಂದವರು, ದೇಶ ಬಿಟ್ಟು ಬಂದ ಕೊರಿಯನ್ನರು ಅಲ್ಲಿ ಕಟ್ಟಿದ್ದ ತಾತ್ಕಾಲಿಕ ಸರ್ಕಾರದ ಬಾಗಿಲು ಕಾಯುವ ಕೆಲಸ ಕೇಳಿದರು. ಆ ಸರ್ಕಾರದ ಗೃಹ ಮಂತ್ರಿ ಆನ್ ಚಾಂಗ್‌ಹೊ, ಕಿಮ್ ಗು ಅವರನ್ನು ಪೊಲೀಸ್ ಮುಖ್ಯಸ್ಥರನ್ನಾಗಿ ಮಾಡಿದರು. ಆಮೇಲೆ ಒಳಜಗಳ ಶುರುವಾಯಿತು, ಜನ ಚದುರಿದರು. 1926ರ ಕೊನೆಗೆ ಸರ್ಕಾರದ ಹೊಣೆ ಇವರ ಹೆಗಲಿಗೇ ಬಂತು. ಕಚೇರಿ ಬಾಡಿಗೆ ತಿಂಗಳಿಗೆ 30 ಯುವಾನ್. ಅದನ್ನೂ ಕಟ್ಟಲಾಗದೆ ಮಾಲೀಕ ಕೋರ್ಟಿಗೆ ಹೋಗುತ್ತಿದ್ದ. ಕಿಮ್ ಗು ಕಚೇರಿಯಲ್ಲೇ ಮಲಗುತ್ತಿದ್ದರು. ಟ್ರಾಮ್ ಕಂಪನಿಯಲ್ಲಿ ದುಡಿಯುವ ಕೊರಿಯನ್ನರ ಮನೆಯಲ್ಲಿ ಊಟ. ಅವರ ತಾಯಿ ಕ್ವಾಕ್ ನಾಕ್‌ವೊನ್, ಮಾರುವವರು ಬಿಸಾಡಿದ ಕೋಸಿನ ಎಲೆ ಆರಿಸಿ ತಂದು ಅಡುಗೆ ಮಾಡಿದ್ದುಂಟು. ಹವಾಯಿ, ಮೆಕ್ಸಿಕೊ, ಕ್ಯೂಬಾದ ಕೊರಿಯನ್ನರಿಗೆಲ್ಲ ಕಿಮ್ ಗು ಕಾಗದ ಬರೆದು ಹಣ ಕೇಳುತ್ತಿದ್ದರು. ಆ ವರ್ಷಗಳಲ್ಲಿ ನಾಯಕತ್ವ ಅಂದರೆ ಜಾಸ್ತಿ ಪಾಲು ಇದೇ.

ನಂತರದ ಕಥೆಗೆ ಚೀನಾದ ನಕ್ಷೆಯ ಮೇಲೆ ಎರಡು ಗೆರೆ ಎಳೆದೆ. ಕೆಂಪು ಗೆರೆ ಸರ್ಕಾರ ಸಾಗಿದ ದಾರಿ, ನೀಲಿ ಗೆರೆ ಕಿಮ್ ಗು ಸಾಗಿದ ದಾರಿ. ಈ ಬಣ್ಣ ತುಂಬಾ ಉಪಯೋಗಕ್ಕೆ ಬಂತು. ಬಾಂಬ್ ದಾಳಿಯ ನಂತರ ಸರ್ಕಾರ ಹಾಂಗ್‌ಝೌಗೆ ಹೋಯಿತು, ಇವರು ಜಿಯಾಶಿಂಗ್‌ನಲ್ಲಿ ಅಡಗಿದರು. ಇವರ ತಲೆಗೆ ಜಪಾನ್ ಇಟ್ಟಿದ್ದು 6 ಲಕ್ಷದ ಬಹುಮಾನ! ದೋಣಿ ನಡೆಸುವ ಝು ಐಬಾವ್ ಜೊತೆ ಗಂಡ ಹೆಂಡತಿಯಂತೆ ದೋಣಿಯಲ್ಲೇ ಇದ್ದರು. ತಾನು ದಕ್ಷಿಣ ಚೀನಾದ ಕ್ಯಾಂಟನ್ ಕಡೆಯವನು ಅಂತ ಹೇಳಿಕೊಂಡಿದ್ದರು. ಬೀಳ್ಕೊಡುವಾಗ ಅವಳಿಗೆ ಕೈತುಂಬ ಹಣ ಕೊಡಲಾಗಲಿಲ್ಲ ಎಂದು ಆಮೇಲೆ ಕೊರಗಿದ್ದಾರೆ. ಅವಳ ಬಗ್ಗೆ ನಾನು ಬೇಕೆಂದೇ ಹೆಚ್ಚು ಹೊತ್ತು ಹೇಳಿದೆ. ಅವಳು ಹೆದರಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ, ಅಲ್ವಾ?

ಚಾಂಗ್‌ಶಾ ತಲುಪುವ ಹೊತ್ತಿಗೆ ಗೆರೆಗಳು ಕೂಡುತ್ತವೆ. 1938ರಲ್ಲಿ ಅಲ್ಲಿ ಒಬ್ಬ ಕೊರಿಯನ್ನೇ ಇವರಿಗೆ ಗುಂಡು ಹಾರಿಸಿದ. ವೈದ್ಯರು ಆಸೆ ಬಿಟ್ಟಿದ್ದರೂ ಬದುಕಿದರು. ಚೀನಾದೊಳಗೆ ನುಗ್ಗುತ್ತಿದ್ದ ಜಪಾನಿ ಸೈನ್ಯದಿಂದ ತಪ್ಪಿಸಿಕೊಳ್ಳುತ್ತ, ಗುವಾಂಗ್‌ಝೌ, ಲಿಯುಝೌ, ಚಿಜಿಯಾಂಗ್ ದಾಟಿ ಚೊಂಗ್‌ಚಿಂಗ್ ಸೇರಿದರು. 1940ರ ಸೆಪ್ಟೆಂಬರ್ 17ಕ್ಕೆ ಅಲ್ಲಿ ಸ್ವಂತ ಸೈನ್ಯ ಕಟ್ಟಿದರು.

ಹೇಳಲು ಕಷ್ಟವಾದದ್ದು 1945ರ ಆಗಸ್ಟ್. ಕೊರಿಯಾದೊಳಗೆ ನುಗ್ಗಲು ಅವರ ಹುಡುಗರು ಅಮೆರಿಕನ್ನರ ಬಳಿ ತರಬೇತಿ ಮುಗಿಸಿದ್ದರು. ಅಷ್ಟರಲ್ಲಿ ಜಪಾನ್ ಶರಣಾಯಿತು. ಯುದ್ಧದಲ್ಲಿ ನಮ್ಮ ಪಾಲಿಲ್ಲದಿದ್ದರೆ ನಾಳೆ ನಮ್ಮ ಮಾತು ಯಾರು ಕೇಳುತ್ತಾರೆ ಎಂದು ಅವರಿಗೆ ದುಃಖವಾಯಿತು. ಹಾಗೇ ಆಯಿತು. ಆ ಸರ್ಕಾರವನ್ನು ಅಮೆರಿಕ ಒಪ್ಪಲಿಲ್ಲ. ನವೆಂಬರ್ 23ರಂದು ಅವರು ಸಾಮಾನ್ಯ ಪ್ರಜೆಯಾಗಿ ಸೋಲ್‌ಗೆ ಮರಳಬೇಕಾಯಿತು.

ನನ್ನ ಮಾತು ಅಲ್ಲಿಗೆ ನಿಲ್ಲಿಸಿದೆ. 1949ರ ಜೂನ್ 26ರಂದು ನಡೆದ ಅವರ ಕೊಲೆಯ ಬಗ್ಗೆ ಕೇಳಿದವರಿಗೆ, ದೇಶ ಎರಡಾದ ಕಥೆಯನ್ನು ಮೊದಲು ಹೇಳದೆ ಅದು ಅರ್ಥವಾಗಲ್ಲ, ಮುಂದಿನ ಸಲ ಹೇಳುತ್ತೇನೆ ಎಂದೆ.