ಥಾಯ್ ಕೋಳಿಗೆ ಮೂರು ನಂಬರ್

ನನ್ನದು ಡಿಟಿಪಿ ಕೆಲಸ. ಒಮ್ಮೆ ಥಾಯ್ ಹೋಟೆಲೊಂದರ ಮೆನು ಕಾರ್ಡ್ ಬಂತು. ಪೆನ್ ಡ್ರೈವಿನ ಹಳೇ ಕಡತ ತೆರೆದರೆ, ‘ಕೋಳಿ’ ಅಂತ ಇರಬೇಕಾದ ಕಡೆ ಎರಡು ಚುಕ್ಕಿ ಹೊತ್ತ ಇಂಗ್ಲಿಷ್ ‘ಎ’, ಪಕ್ಕದಲ್ಲಿ ತಲೆಕೆಳಗಾದ ಆಶ್ಚರ್ಯ ಚಿಹ್ನೆ, ಕೊನೆಗೆ ಗೀಟು ಹೊತ್ತ ‘ಇ’. ನನಗೆ ಥಾಯ್ ಒಂದಕ್ಷರ ಬರುವುದಿಲ್ಲ. ಆದರೆ ಹಳೇ ಕನ್ನಡ ಫಾಂಟ್‌ಗಳ ಜೊತೆ ಗುದ್ದಾಡಿದವಳಿಗೆ ಇದು ಗೊತ್ತಿರುವ ಕಾಯಿಲೆಯೇ.

ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳುವುದಿಲ್ಲ, ನಂಬರ್ ಇಟ್ಟುಕೊಳ್ಳುತ್ತದೆ. ನಾವು ‘ಕ ಕಮಲ’ ಅಂತ ಕಲಿತ ಹಾಗೆ ಥಾಯ್ ಮಕ್ಕಳು ‘ಕೊ ಕೈ’ ಅಂತ ಕಲಿಯುತ್ತಾರೆ. ಅಲ್ಲಿ ಕೈ ಅಂದರೆ ಕೋಳಿ! ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ನಂಬರ್ ಕೊಡುವ ಪಟ್ಟಿ. ಅದರಲ್ಲಿ ಈ ಮೊದಲ ವ್ಯಂಜನದ ನಂಬರ್ 3585. (ಪಟ್ಟಿಗಳಲ್ಲಿ ಹದಿನಾರರ ಲೆಕ್ಕದಲ್ಲಿ ಬರೆದಿರುತ್ತಾರೆ, ನಾನು ಮಾಮೂಲಿ ಲೆಕ್ಕದಲ್ಲೇ ಹೇಳುತ್ತೇನೆ.)

ಥಾಯ್ಲೆಂಡಿನ ಹಳೇ ಮಾನದಂಡ ಟಿಐಎಸ್-620. ಅದರ 1990ರ ಆವೃತ್ತಿಗೆ 2533 ಅಂತ ಹೆಸರು, ಅವರದು ಬುದ್ಧನ ಶಕೆ ಅಲ್ವಾ. ಅದರಲ್ಲಿ ಇದೇ ಅಕ್ಷರ 161. ಯೂನಿಕೋಡ್ ಅದೇ ಕ್ರಮವನ್ನು ಉಳಿಸಿಕೊಂಡಿದೆ. ಹಾಗಾಗಿ ಹಳೇ ನಂಬರಿಗೆ 3424 ಕೂಡಿಸಿದರೆ ಸಾಕು. ನನ್ನ ಕಂಪ್ಯೂಟರ್ ಈ ಹಳೇ ನಂಬರುಗಳನ್ನು ಥಾಯ್ ಬದಲು ಪಾಶ್ಚಾತ್ಯ ಅಕ್ಷರಗಳ ಪಟ್ಟಿಯಲ್ಲಿ ಹುಡುಕಿ ತೋರಿಸಿತ್ತು. ಆ ಪಟ್ಟಿಯಲ್ಲಿ ನನ್ನ ಮೂರು ವಿಚಿತ್ರ ಗುರುತುಗಳು 228, 161, 232. ಕೂಡಿಸಿದೆ: 3652, 3585, 3656. ಕೋಳಿ ಸಿಕ್ಕಿತು.

ಇಡೀ ಮೆನುವನ್ನು ಹೀಗೆ ಕೂಡಿಸುತ್ತಾ ಕೂರಬೇಡಿ. ಎಕ್ಸೆಲ್‌ನಲ್ಲಿ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ) ಕಡತದ ಮೇಲೆ ಸುಮ್ನೆ ಡಬಲ್ ಕ್ಲಿಕ್ ಮಾಡದೆ, ಡೇಟಾ ಮೆನುವಿನಿಂದ ಒಳಗೆ ತನ್ನಿ. ‘ಫೈಲ್ ಒರಿಜಿನ್’ ಅನ್ನುವ ಕಡೆ ಹಳೇ ಕಡತಕ್ಕೆ 874 (ಹಳೇ ಥಾಯ್ ಪಟ್ಟಿ), ಹೊಸದಕ್ಕೆ 65001 ಆರಿಸಿ. 65001 ಅಂದರೆ ಯುಟಿಎಫ್-8, ಯೂನಿಕೋಡ್ ನಂಬರನ್ನು ಬೈಟ್‌ಗಳಾಗಿ (255ರವರೆಗಿನ ಸಣ್ಣ ನಂಬರುಗಳಾಗಿ) ಕಡತದಲ್ಲಿಡುವ ವಿಧಾನ.

ಯಾವುದು ಹಳೇದು ಅಂತ ಗೊತ್ತಾಗುವುದು ಹೇಗೆ? ಯುಟಿಎಫ್-8ರಲ್ಲಿ ಒಂದು ಥಾಯ್ ಅಕ್ಷರಕ್ಕೆ ಮೂರು ಬೈಟ್. 3585ನ್ನು 64ರಿಂದ ಭಾಗಿಸಿ: 56 ಬಂತು, 1 ಉಳಿಯಿತು. ಎರಡಕ್ಕೂ 128 ಕೂಡಿಸಿ, ಮುಂದೆ 224 ಇಡಿ. ಆಯ್ತು, 224, 184, 129. ಥಾಯ್ ಅಕ್ಷರಗಳೆಲ್ಲ 224ರಿಂದಲೇ ಶುರು, ನಮ್ಮ ಕನ್ನಡವೂ ಅಷ್ಟೇ. ಪಾಶ್ಚಾತ್ಯ ಪಟ್ಟಿಯಲ್ಲಿ 224 ಅಂದರೆ ಗೀಟು ಹೊತ್ತ ‘ಎ’. ಆದ್ದರಿಂದ ಅದು ಸಾಲು ತುಂಬಾ ಮತ್ತೆ ಮತ್ತೆ ಕಂಡರೆ ಅದು ಯುಟಿಎಫ್-8. ಗುರುತುಗಳು ನನ್ನ ಕೋಳಿಯ ಹಾಗೆ ಬೇರೆ ಬೇರೆ ಇದ್ದರೆ ಮೊದಲು 874 ಹಾಕಿ ನೋಡಿ. ಬರೀ ಚೌಕ ಕಂಡರೆ ಫಾಂಟ್ ಇಲ್ಲ ಅಷ್ಟೇ. ಬರೀ ಪ್ರಶ್ನೆ ಚಿಹ್ನೆಗಳಾಗಿ ಸೇವ್ ಆಗಿದ್ದರೆ ಮಾತ್ರ ಕಥೆ ಮುಗಿಯಿತು, ಮೂಲ ಕಡತ ಕೇಳಿ.

ಈಗ ನಾನು ನಿಜವಾಗಿ ಎಡವಿದ ಜಾಗ. ಕನ್ನಡದ ‘ಕೈ’ಯಲ್ಲಿ ಮೊದಲು ಕ, 3221. ಆಮೇಲೆ ಐತ್ವ, 3272. ಥಾಯ್ ಕೈಯಲ್ಲಿ 3652 ಅನ್ನುವುದೇ ‘ಐ’ ಸ್ವರ, ಅದು ವ್ಯಂಜನಕ್ಕಿಂತ ಮುಂಚೆ! ಕಾಗದದ ಮೇಲೆ ಎಡಕ್ಕೆ ಬರೆಯುವ ಸ್ವರವನ್ನು ಅವರು ಮೊದಲೇ ಟೈಪ್ ಮಾಡುತ್ತಾರೆ, ಕಡತದಲ್ಲೂ ಹಾಗೇ ಕೂರುತ್ತದೆ. 3656 ಧ್ವನಿಯ ಏರಿಳಿತದ ಗುರುತು, ವ್ಯಂಜನದ ತಲೆ ಮೇಲೆ ಕೂರುವಂಥದ್ದು. ಅದನ್ನು ವ್ಯಂಜನದ ನಂತರ ಒತ್ತಬೇಕು. ನಾನು ಕನ್ನಡದ ರೂಢಿಯಲ್ಲಿ ಸ್ವರವನ್ನು ಹಿಂದಕ್ಕೆ ಹಾಕಿ ‘ಸರಿಪಡಿಸಿದ್ದೆ’. ಹೋಟೆಲಿನವರು ನಕ್ಕುಬಿಟ್ಟರು.

ಇದೇ ಕಾರಣಕ್ಕೆ ಪಟ್ಟಿಯನ್ನು ಬರೀ ನಂಬರ್ ಪ್ರಕಾರ ವಿಂಗಡಿಸಬೇಡಿ. ಥಾಯ್ ನಿಘಂಟಿನಲ್ಲಿ ಕೋಳಿ ಇರುವುದು ಮೊದಲ ಅಕ್ಷರದ ಕೆಳಗೆ. ನಂಬರ್ ನೋಡಿದರೆ 3652 ದೊಡ್ಡದು, ಕೋಳಿ ಪಟ್ಟಿಯ ಬಾಲಕ್ಕೆ ಹೋಗುತ್ತದೆ. ವಿಂಗಡಿಸುವಾಗ ಭಾಷೆ ಥಾಯ್ ಅಂತ ಆರಿಸಿದರೆ ತಂತ್ರಾಂಶವೇ ಸ್ವರ ದಾಟಿ ವ್ಯಂಜನ ನೋಡುತ್ತದೆ.