ನನ್ನ ಅನುಭವ: ಏಜೆನ್ಸಿ ಬಿಟ್ಟು ಸ್ಟ್ರೋಕ್ ಆದ ಹೆಂಡ್ತೀನ ನಾನೇ ನೋಡ್ಕೊಂಡಿದ್ದು, ಜೊತೆಗೆ ನಿಂತ ಮೂರು ಜನ ಗಂಡಸ್ರು

ಹೆಂಡ್ತಿ ಬೆನ್ನಿನ ಕೆಳಗಿದ್ದ ಬೆಡ್ ಸೋರ್ (ಮಲಗೇ ಇರೋದ್ರಿಂದ ಆಗೋ ಹುಣ್ಣು) ಪೂರ್ತಿ ಮುಚ್ಚಿ ಹತ್ತತ್ರ ಒಂದು ವರ್ಷ ಆಗ್ತಾ ಬಂತು, ಮತ್ತೆ ತೆರ್ಕೊಂಡಿಲ್ಲ. ಈಗ ವಾಕರ್ ಹಿಡ್ಕೊಂಡು ಮಂಚದಿಂದ ಬಚ್ಚಲತನಕ ಬರ್ತಾಳೆ, ನಾನು ಹಿಂದೆ ಆಕೆ ಸೊಂಟದ ಬೆಲ್ಟ್ ಹಿಡ್ಕೊಂಡಿರ್ತೀನಿ ಅಷ್ಟೇ. ಇದು ನನ್ನ ಕೈಲಾಗುತ್ತೆ ಅಂತ ಶುರುನಲ್ಲಿ ಒಬ್ರೂ ನಂಬಿರ್ಲಿಲ್ಲ, ಅದಕ್ಕೇ ಬರೀತಿದೀನಿ. ಆಕೆ ತವರುಮನೆ ಕಡೆಯೋರು "ಗಂಡಸ್ರ ಕೈಲಿ ಇದಾಗೋ ಕೆಲಸ ಅಲ್ಲ, ಮಗಳ್ನ ಕೆಲಸ ಬಿಡಿಸಿ ಕರೆಸ್ಕೊಳ್ಳಿ" ಅಂದ್ರು. ಪೇಷೆಂಟ್ ನೋಡ್ಕೊಳ್ಳೋಕೆ ಮನೆಗೆ ಆಳು ಕಳಿಸೋ ಏಜೆನ್ಸಿಯೋನು "ಸಾರ್, ಒಂದ್ ತಿಂಗ್ಳು ನೋಡ್ತಿರಿ, ನೀವೇ ಫೋನ್ ಮಾಡ್ತೀರಾ" ಅಂದ. ಮಾಡ್ಲಿಲ್ಲ.

ನಮ್ದು ತುಮಕೂರು, ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಆಕೆಗೆ ಮೆದುಳಿನ ಎಡಭಾಗದಲ್ಲಿ ಕ್ಲಾಟ್ ಆಗಿ ಬಲಗೈ ಬಲಗಾಲು ಬಿದ್ದೋಯ್ತು, ಮಾತೂ ಹೋಯ್ತು. ರೈಲ್ಸ್ ಟ್ಯೂಬು (ಮೂಗಿಂದ ಹೊಟ್ಟೆಗೆ ಹಾಕೋ ಊಟದ ಕೊಳವೆ), ಕ್ಯಾತಿಟರು (ಮೂತ್ರದ ಕೊಳವೆ), ಎರಡು ಗಂಟೆಗೊಂದ್ಸಲ ಮಗ್ಗಲು ಬದ್ಲಿಸೋದು, ಇವೆಲ್ಲ ಇದನ್ನ ಓದೋರಿಗೆ ಗೊತ್ತಿರೋದೇ, ಅದನ್ನ ಮತ್ತೆ ಹೇಳಲ್ಲ.

ಡಿಸ್ಚಾರ್ಜ್ ಆದಾಗ ಎಲ್ಲರ ಹಾಗೆ ನಾವೂ ಹೆಣ್ಣಾಳು ಇಟ್ವಿ. ತಿಂಗ್ಳಿಗೆ 24-25 ಸಾವಿರ, ಊಟ ನಮ್ದು, ಮೇಲೆ ಅಡ್ವಾನ್ಸು. ನಾಲ್ಕೈದು ತಿಂಗ್ಳಲ್ಲಿ ಆರೇಳು ಜನ ಬದ್ಲಾದ್ರು, ಒಬ್ಬಾಕೆ ಮಾತ್ರ ನಿಜವಾಗ್ಲೂ ಕೆಲಸ ಗೊತ್ತಿದ್ದೋಳು, ಅವಳ್ನ ಏಜೆನ್ಸಿಯೋರು ಜಾಸ್ತಿ ದುಡ್ಡು ಬರುತ್ತೆ ಅಂತ ಬೆಂಗ್ಳೂರಿಗೆ ಕಳಿಸಿಬಿಟ್ರು. ಉಳಿದೋರು ರಾತ್ರಿ ಮಗ್ಗಲು ಬದ್ಲಿಸ್ದೆ ಬೆಳಗ್ಗೆ "ಬದ್ಲಿಸಿದೀನಿ ಅಣ್ಣ" ಅನ್ನೋರು. ಮೊದ್ಲು ಚರ್ಮ ಕೆಂಪಾಯ್ತು, ಆಮೇಲೆ ಕಪ್ಪಗಾಯ್ತು, ಆಮೇಲೆ ಗುಂಡಿ ಬಿತ್ತು. ಸರ್ಜನ್ ನೋಡಿ ಸ್ಟೇಜ್ 3, ಅಂದ್ರೆ ಚರ್ಮ ದಾಟಿ ಒಳಗಿನ ಕೊಬ್ಬಿನತನಕ ಇಳಿದಿದೆ ಅಂದ್ರು. ಅಷ್ಟೊತ್ತಿಗೆ ಆಳಿಗೇ ಒಂದು ಲಕ್ಷದ ಮೇಲೆ ಹೋಗಿತ್ತು, ಫಿಸಿಯೋ ಮನೆಗೆ ಬಂದ್ರೆ ಒಂದ್ಸಲಕ್ಕೆ 400, ಡ್ರೆಸ್ಸಿಂಗ್‌ಗೆ ನರ್ಸ್ ಬಂದ್ರೆ 500, ಅಂಗಡಿ ಬಾಗ್ಲು ಅರ್ಧ ದಿನ ಹಾಕಿರ್ತಿತ್ತು. ಆವತ್ತು ಏಜೆನ್ಸಿ ಬಿಡಿಸ್ದೆ.

ಡ್ರೆಸ್ಸಿಂಗ್ ಕಲಿಯೋಕೆ ಎರಡ್ ವಾರ ಆಯ್ತು. ಸರ್ಜನ್ನೇ ನಿಂತು ತೋರ್ಸಿದ್ರು, ಬೆಟಡೀನ್ ಸುರಿಯೋದು ನಿಲ್ಲಿಸಿ ನಾರ್ಮಲ್ ಸಲೈನ್‌ನಲ್ಲೇ (ಮೆಡಿಕಲ್‌ನಲ್ಲಿ ಸಿಗೋ ಉಪ್ಪುನೀರು) ತೊಳೀರಿ, ಹೊಸದಾಗಿ ಬರೋ ಮಾಂಸನೂ ಬೆಟಡೀನು ಸುಡುತ್ತೆ ಅಂದ್ರು. ಆದ್ರೆ ನನ್ನ ಕೇಳಿದ್ರೆ ಡ್ರೆಸ್ಸಿಂಗ್ ಬರೀ ಕಾಲು ಭಾಗ, ಮುಕ್ಕಾಲು ಭಾಗ ಒತ್ತಡ ತಪ್ಪಿಸೋದು. ಪೂರ್ತಿ ಪಕ್ಕಕ್ಕೆ ಮಲಗಿಸ್ಬಾರ್ದು, ತೊಂಬತ್ತು ಡಿಗ್ರಿ ಮಲಗಿಸಿದ್ರೆ ಸೊಂಟದ ಮೂಳೆ ಮೇಲೆ ಇನ್ನೊಂದು ಹುಣ್ಣು ಗ್ಯಾರಂಟಿ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ ಮಾಡಿದ್ರೆ ಸಾಕು. ಇನ್ನೊಂದು, ಟಿವಿ ನೋಡ್ಲಿ ಅಂತ ಮಂಚದ ತಲೆಭಾಗ ಎತ್ತಿ ಗಂಟೆಗಟ್ಲೆ ಬಿಡ್ತಾರೆ, ಮೈ ನಿಧಾನಕ್ಕೆ ಕೆಳಗೆ ಜಾರುತ್ತೆ, ಮೇಲಿನ ಚರ್ಮ ಬೆಡ್‌ಶೀಟಿಗೆ ಅಂಟ್ಕೊಂಡಿರುತ್ತೆ, ಒಳಗಿನ ಮಾಂಸ ಹರಿಯುತ್ತೆ. ಟ್ಯೂಬಲ್ಲಿ ಫೀಡ್ ಕೊಡುವಾಗ ಮತ್ತೆ ಕೊಟ್ಟಾದ್ಮೇಲೆ ಮುಕ್ಕಾಲು ಗಂಟೆ ಎತ್ತರ ಇರ್ಬೇಕು ಸರಿ, ಆಮೇಲೆ ಇಳಿಸ್ಲೇಬೇಕು.

ರಾತ್ರಿ ಏಳೋದೇ ದೊಡ್ಡ ಕಷ್ಟ. ಮೊಬೈಲ್ ಅಲಾರಾಂ ಹೊಡೆದ್ರೆ ಆಕೆ ಬೆಚ್ಚಿ ಬೀಳೋಳು, ಕಾಲು ಬಿಗಿಯಾಗಿ ಆಮೇಲೆ ಅರ್ಧ ಗಂಟೆ ನಿದ್ದೆ ಬರ್ತಿರ್ಲಿಲ್ಲ. ಅಂಗಡೀಲಿ ಬಿದ್ದಿದ್ದ ಹಳೇ ಟೈಮರ್ ರಿಲೇ (ಇಟ್ಟ ಟೈಮಿಗೆ ತಾನೇ ಆನ್ ಆಗೋ ಸ್ವಿಚ್) ತಂದು ನನ್ನ ತಲೆ ಹತ್ರ ಸಣ್ಣ ಬಲ್ಬ್ ಕನೆಕ್ಟ್ ಮಾಡ್ದೆ, ಎರಡು ಗಂಟೆಗೊಂದ್ಸಲ ಹತ್ತುತ್ತೆ, ಎದ್ದು ಮಗ್ಗಲು ಬದ್ಲಿಸಿ ಸ್ವಿಚ್ ಒತ್ತಿದ್ರೆ ಆರುತ್ತೆ. ಹೊಸದು ಕೊಂಡ್ರೂ ಎಲ್ಲಾ ಸೇರಿ 600-700 ರೂಪಾಯಿ. ಏರ್ ಬೆಡ್‌ದು ಇನ್ನೊಂದು ಕಥೆ, ಕರೆಂಟ್ ಹೋದ್ರೆ ಪಂಪ್ ನಿಲ್ಲುತ್ತೆ, ಬೇಸಿಗೇಲಿ ಲೋಡ್ ಶೆಡ್ಡಿಂಗ್ ಇದ್ದಾಗ ಹಾಸಿಗೆ ಚಪ್ಪಟೆಯಾಗಿ ಆಕೆ ನೇರ ಮಂಚದ ಹಲಗೆ ಮೇಲೇ ಇರ್ತಿದ್ಲು. ಆ ಪಂಪ್ ತಿನ್ನೋದು ಏಳೆಂಟು ವ್ಯಾಟ್ ಅಷ್ಟೇ, ರೌಟರಿಗೆ ಅಂತ ಸಿಗೋ ಮಿನಿ ಯುಪಿಎಸ್ ಕೂರಲ್ಲ ಯಾಕಂದ್ರೆ ಪಂಪ್ 230 ವೋಲ್ಟ್‌ದು, ಹಳೇ ಕಂಪ್ಯೂಟರ್ ಯುಪಿಎಸ್‌ಗೆ ದೊಡ್ಡ ಬ್ಯಾಟರಿ ಹಾಕ್ದೆ, ಇಡೀ ರಾತ್ರಿ ಓಡುತ್ತೆ. ಇದನ್ನ ನೋಡಿ ಫಿಸಿಯೋ ಡಾಕ್ಟ್ರು ಇನ್ನೂ ನಾಲ್ಕು ಮನೆಗೆ ನನ್ನ ನಂಬರ್ ಕೊಟ್ರು.

ಊಟಕ್ಕೆ ರಾಗಿ ಮಣ್ಣಿ, ಹೆಸರುಬೇಳೆ ಕಟ್ಟು, ಮೊಟ್ಟೆ ಬಿಳಿ. ಮಣ್ಣೀನ ಬಟ್ಟೇಲಿ ಸೋಸ್ಲೇಬೇಕು, ಟ್ಯೂಬ್ ಕಟ್ಕೊಂಡ್ರೆ ಮತ್ತೆ ಆಸ್ಪತ್ರೆ, ಆಟೋ, 1,500 ರೂಪಾಯಿ. ಹುಣ್ಣು ಮಾಸೋಕೆ ಪ್ರೋಟೀನ್ ಏರ್ಲೇಬೇಕಿತ್ತು, ಅದಕ್ಕೆ ನಾನು ಸೇರಿಸ್ತಿದ್ದ ಒಂದೆರಡು ಐಟಂ ಇದೆ, ಅದನ್ನ ಇಲ್ಲಿ ಬರೆಯಲ್ಲ. ಕಿಡ್ನಿ ಶುಗರ್ ಇರೋ ಮನೇಲಿ ಯಾರಾದ್ರೂ ಹಾಗೇ ಮಾಡಿಬಿಟ್ರೆ ಕಷ್ಟ, ನಿಮ್ಮ ಡಯಟೀಷಿಯನ್ನ ಕೇಳಿ.

ಇನ್ನು ಮುಜುಗರದ ವಿಷ್ಯ, ಇದನ್ನ ಯಾರೂ ಬರೆಯಲ್ಲ. ಮದುವೆ ಆಗಿ ಇಪ್ಪತ್ತೈದು ವರ್ಷ ದಾಟಿದ್ರೂ ಪ್ಯಾಡ್ ಬದ್ಲಿಸುವಾಗ ಆಕೆ ಗೋಡೆ ಕಡೆ ಮುಖ ಮಾಡ್ಕೊಂಡು ಅಳೋಳು. ಮಾತು ಬರ್ದೆ ಇರೋರಿಗೆ ಬೇಡ ಅನ್ನೋಕೂ ಆಗಲ್ಲ ನೋಡಿ. ಹಾಗಾಗಿ ಪ್ರತಿ ಸಲ ಮುಟ್ಟೋಕೆ ಮುಂಚೆ "ಬದ್ಲಿಸ್ಲಾ?" ಅಂತ ಕೇಳಿ, ಆಕೆ ಎಡಗೈಲಿ ನನ್ನ ಬೆರಳು ಅಮುಕಿದ್ಮೇಲೇ ಶುರು ಮಾಡೋದು ಅಂತ ಇಟ್ಕೊಂಡೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತೆ, ಹಿಡೀಲಿ. ಕೆಲವು ವಾರದಲ್ಲಿ ಅಳೋದು ನಿಂತಿತು. ಸೀರೆ ಬೇಕೇ ಬೇಕು ಅಂತ ಕಣ್ಣಲ್ಲೇ ಹಟ ಮಾಡ್ತಿದ್ಲು, ಟೈಲರ್ ಹತ್ರ ಹಳೇ ಕಾಟನ್ ಸೀರೆ ಎರಡು ಭಾಗ ಮಾಡಿಸಿ ವೆಲ್ಕ್ರೋ ಹೊಲಿಸ್ದೆ.

ಮನೆ ಒಳಗಿಂದು ಹೇಗೋ ಆಯ್ತು, ಆಚೆ ಹೋದ್ರೆ ಗಂಡಸ್ರಿಗೆ ಜಾಗವೇ ಇಲ್ಲ. ನಡುವೆ ಒಂದ್ಸಲ ಯೂರಿನ್ ಇನ್ಫೆಕ್ಷನ್ ಆಗಿ ಅಡ್ಮಿಟ್ ಮಾಡಿದಾಗ ಫೀಮೇಲ್ ವಾರ್ಡಲ್ಲಿ ರಾತ್ರಿ ಗಂಡಸ್ರು ಇರಂಗಿಲ್ಲ ಅಂದ್ರು. ಬೇರೆ ಹೆಂಗಸ್ರು ಮಲಗಿರ್ತಾರೆ, ರೂಲ್ ಇರೋದು ಸರಿನೇ. ಆದ್ರೆ ಮಾತು ಬರ್ದಿರೋ ಪೇಷೆಂಟಿಗೆ ಏನು ಬೇಕು ಅಂತ ಗೊತ್ತಿರೋನು ನಾನೊಬ್ನೇ, ಅದಕ್ಕೊಂದು ದಾರಿ ಇರ್ಬೇಕಲ್ವಾ. ಸ್ಪೆಷಲ್ ರೂಮ್ ತಗೊಳ್ಳಿ ಅಂದ್ರು, ದಿನಕ್ಕೆ ಎರಡೂವರೆ ಸಾವಿರ. ಕಾರಿಡಾರಲ್ಲೇ ಕೂತಿದ್ದೆ. ನಿಮ್ಹಾನ್ಸ್‌ಗೆ ಚೆಕಪ್‌ಗೆ ಹೋಗುವಾಗ್ಲೂ ಅಷ್ಟೇ, ದಾರೀಲಿ ಲೇಡೀಸ್ ಟಾಯ್ಲೆಟ್ ಒಳಗೆ ನಾನು ಹೋಗೋ ಹಾಗಿಲ್ಲ, ಜೆಂಟ್ಸ್‌ಗೆ ಆಕೇನ ಕರ್ಕೊಂಡ್ ಹೋಗೋ ಹಾಗಿಲ್ಲ. ಮಗಳು ಒಂದಿನ 2019ರ ಸರ್ಕಾರದ ಟೈಮ್ ಯೂಸ್ ಸರ್ವೇ (ಜನ ದಿನದ ಹೊತ್ತು ಹೆಂಗೆ ಕಳೀತಾರೆ ಅನ್ನೋ ಸಮೀಕ್ಷೆ) ತೋರಿಸಿದ್ಲು, ಮನೆಯೋರ ಆರೈಕೆ ಮಾಡೋ ಗಂಡಸ್ರು ನೂರಕ್ಕೆ 14, ಹೆಂಗಸ್ರು ಹತ್ತತ್ರ 28 ಅಂತ. ಕಮ್ಮಿ ಅಂತ ಒಪ್ತೀನಿ, ಆದ್ರೆ ಆ 14 ಜನ ಎಲ್ಲಿ ಕೂರ್ತಾರೆ, ಯಾರ ಹತ್ರ ಮಾತಾಡ್ತಾರೆ?

ನಮ್ಗೆ ಸಿಕ್ಕಿದ್ದು ಫಿಸಿಯೋಥೆರಪಿ ಡಿಪಾರ್ಟ್‌ಮೆಂಟ್ ಆಚೆ ಇರೋ ಬೆಂಚು. ಅಲ್ಲಿ ವಾರಕ್ಕೆ ಎರಡು ಸಲ ಅದೇ ಮುಖಗಳು. ಒಬ್ರು ಬ್ಯಾಂಕ್ ಕೆಲಸದೋರು, ತಂದೆಗೆ ಪಾರ್ಕಿನ್ಸನ್. ಒಬ್ರು ಅಡಿಕೆ ತೋಟದೋರು, ಮಗನಿಗೆ ಸೆರೆಬ್ರಲ್ ಪಾಲ್ಸಿ, ಹೆಂಡ್ತಿ ತೀರ್ಕೊಂಡಿದ್ದಾರೆ. ಇನ್ನೊಬ್ಬ ಆಟೋ ಓಡಿಸೋ ಹುಡುಗ, ಅಮ್ಮಂಗೆ ಮರೆವಿನ ಕಾಯಿಲೆ. ತಿಂಗಳುಗಟ್ಲೆ "ಹೆಂಗಿದಾರೆ?" "ಪರ್ವಾಗಿಲ್ಲ" ಇಷ್ಟೇ ಮಾತು. ಹೆಂಗಸ್ರಾದ್ರೆ ಅದೇ ಬೆಂಚಲ್ಲಿ ಅರ್ಧ ಗಂಟೇಲಿ ಎಲ್ಲಾ ಹೇಳ್ಕೊಂಡು ಹಗುರ ಆಗ್ತಿದ್ರು. ನಮ್ಗೆ ಬಾಯಿ ಬಿಡಿಸಿದ್ದು ಕೆಲಸ. ತೋಟದೋರ ವೀಲ್‌ಚೇರ್ ಬೇರಿಂಗ್ ಹೋಗಿತ್ತು, ನಾನು ಅಂಗಡಿಗೆ ತಂದು ಹಾಕ್ಕೊಟ್ಟೆ, ಅಲ್ಲಿಂದ ಶುರುವಾಯ್ತು.

ಮೊದ್ಲು ಮಾಡಿದ ಪ್ಲಾನ್ ಕೆಟ್ಟಿತು. ಭಾನುವಾರ ಒಬ್ರ ಮನೇಲಿ ಇನ್ನೊಬ್ರು ನಾಲ್ಕು ಗಂಟೆ ಕೂರೋದು ಅಂತ ಮಾಡಿದ್ವಿ, ಗಂಡು ಪೇಷೆಂಟ್ ಇರೋ ಮನೇಲಿ ಚೆನ್ನಾಗೇ ನಡೀತು, ನಮ್ಮನೆ ಮತ್ತೆ ಆಟೋ ಹುಡುಗನ ಮನೇಲಿ ಆಗ್ಲಿಲ್ಲ. ಪರ ಗಂಡಸ್ರು ಮುಟ್ಟೋದು ಆಕೆಗೆ ಬೇಡ, ಬೀದಿಯೋರ ಮಾತು ಬೇರೆ. ಆಗ ಬದ್ಲಾಯಿಸಿದ್ವಿ. ನಮ್ಮೆರಡು ಮನೆಗೆ ಎದುರುಮನೆ ಅಕ್ಕಂಗೆ ದಿನಕ್ಕೆ ಒಂದು ಗಂಟೆಗೆ ಅಂತ ತಿಂಗ್ಳಿಗೆ 3,000 ಕೊಟ್ಟು ಸ್ನಾನಕ್ಕೆ ಸಹಾಯ ತಗೊಂಡ್ವಿ, ಗಂಡಸ್ರು ಸುತ್ತಲಿನ ಕೆಲಸ ಹಂಚ್ಕೊಂಡ್ವಿ. ಮಾತ್ರೆ, ಡೈಪರ್, ರೇಷನ್, ಸ್ಕ್ಯಾನ್ ರಿಪೋರ್ಟ್, ಕರೆಂಟ್ ಬಿಲ್, ಮೆಟ್ಲು ಇಳಿಸೋಕೆ ನಾಲ್ಕು ಜನರ ಹೆಗಲು. ನಮ್ಮನೆ ಮೊದಲ್ನೇ ಮಹಡಿ, ಮುಂಚೆ ಆಂಬುಲೆನ್ಸ್ ಹುಡುಗ್ರಿಗೆ ಇಳಿಸೋಕೆ ಹತ್ತಿಸೋಕೆ ಅಂತಲೇ 800 ಕೊಡ್ತಿದ್ದೆ. ತಿಂಗ್ಳಿಗೆ ತಲಾ 500 ಹಾಕಿದ್ವಿ, ಅದರಲ್ಲಿ ಸೆಕೆಂಡ್ ಹ್ಯಾಂಡ್ ಫೌಲರ್ ಕಾಟ್ (ತಲೆ, ಕಾಲಿನ ಭಾಗ ಎತ್ತಿ ಇಳಿಸೋ ಆಸ್ಪತ್ರೆ ಮಂಚ), ಕಫ ಎಳೆಯೋ ಸಕ್ಷನ್ ಮಿಷಿನ್, ಕಮೋಡ್ ಚೇರ್ ಆಯ್ತು. ಬಾಡಿಗೆಗೆ ಆ ಕಾಟ್ ತಿಂಗ್ಳಿಗೆ 2,500, ನಾವು ಕೊಂಡಿದ್ದು 13 ಸಾವಿರದ ಆಸುಪಾಸು. ಎಲ್ಲಿ ತಗೊಂಡ್ವಿ ಹೆಂಗೆ ಚೌಕಾಸಿ ಮಾಡಿದ್ವಿ ಅನ್ನೋದು ನಮ್ಮ ನಾಲ್ಕು ಜನದಲ್ಲೇ ಇರ್ಲಿ.

ನಮ್ಮಲ್ಲಿ "ಪೇಷೆಂಟ್ ಹೆಂಗಿದಾರೆ" ಅಂತ ಮೊದ್ಲು ಕೇಳಂಗಿಲ್ಲ. "ನಿಂಗೆ ನಿದ್ದೆ ಆಯ್ತಾ?" ಅಂತಲೇ ಕೇಳ್ಬೇಕು. ಎರಡು ರಾತ್ರಿ ಆಗಿಲ್ಲ ಅಂದ್ರೆ ಮೂರನೇ ರಾತ್ರಿ ಒಬ್ರು ಬಂದು ಹಾಲಲ್ಲಿ ಮಲಗ್ತಾರೆ, ಬಲ್ಬ್ ಹತ್ತಿದಾಗ ನನ್ನ ಎಬ್ಬಿಸ್ತಾರೆ. ಕೆಲಸ ನಾನೇ ಮಾಡ್ತೀನಿ, ಆದ್ರೆ ಎಚ್ಚರ ಇರೋ ಜವಾಬ್ದಾರಿ ಅವ್ರದ್ದು, ಅದರಿಂದ ನಿದ್ದೆ ಎಷ್ಟು ಆಳವಾಗಿ ಬರುತ್ತೆ ಅಂತ ಅನುಭವಿಸಿದೋರಿಗೇ ಗೊತ್ತು. ಆಟೋ ಹುಡುಗ ಒಂದು ರಾತ್ರಿ ಅಮ್ಮನ ಮೇಲೆ ಕೈ ಎತ್ತೋ ಮಟ್ಟಕ್ಕೆ ಹೋಗಿ ಆಚೆ ಬಂದು ಫೋನ್ ಮಾಡ್ದ. ನಾವು ಇಬ್ರು ಹೋದ್ವಿ, ಅಲ್ಲೇ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಚ್ಚಿಕೊಟ್ವಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಅವನು ಅರ್ಧ ಗಂಟೆ ಅತ್ತ. ಈಗ ತಿಂಗ್ಳಿಗೊಂದ್ಸಲ ಅಮ್ಮನ ಚೆಕಪ್ ದಿನವೇ ತಾನೂ ಕೌನ್ಸೆಲಿಂಗ್‌ಗೆ ಹೋಗ್ತಾನೆ. ನನ್ನ ಕಣ್ಣಲ್ಲಿ ಅವನು ನಮ್ಮೆಲ್ಲರಿಗಿಂತ ಗಟ್ಟಿ.

ಪ್ರಯೋಗಗಳೂ ಮಾಡಿದೀನಿ. ಬಾಗ್ಲ ಮೇಲೆ ರಾಟೆ ಕಟ್ಟಿ ಎಡಗೈಲಿ ಎಳೆದ್ರೆ ಬಲಗೈ ಮೇಲೇಳೋ ಹಾಗೆ ಮಾಡಿದ್ದೆ, ಫಿಸಿಯೋ ನೋಡಿ ಬಿಚ್ಚಿಸಿದ್ರು, ಬಿದ್ದಿರೋ ಭುಜಕ್ಕೆ ರಾಟೆ ಹಾಕಿದ್ರೆ ಕೀಲು ಇನ್ನೂ ಜಾರುತ್ತಂತೆ. ಕಾರಿನ ಸೀಟ್ ಬೆಲ್ಟ್ ಪಟ್ಟಿಯಿಂದ ಹೊಲಿಸಿದ ಸೊಂಟದ ಬೆಲ್ಟ್ ಮಾತ್ರ ಗೆದ್ದಿತು, ಕೈ ಹಿಡಿದು ಎಬ್ಬಿಸೋದು ತಪ್ಪಿತು, ನನ್ನ ಸೊಂಟನೂ ಉಳೀತು. ಇನ್ನೊಂದು ಹಾಡು. ಆಕೆ ಭಜನಾ ಮಂಡಳೀಲಿ ಹಾಡ್ತಿದ್ದೋಳು. "ನೀರು" ಅನ್ನೋಕೆ ಬರ್ತಿರ್ಲಿಲ್ಲ, ಆದ್ರೆ ನಾನು ದಾಸರ ಪದ ಎತ್ತಿದ್ರೆ ಮುಂದಿನ ಸಾಲು ಪೂರ್ತಿ ಪದ ಸಮೇತ ಬರ್ತಿತ್ತು. ಸ್ಪೀಚ್ ಥೆರಪಿಯೋರು ಹೇಳಿದ್ರು, ಮಾತಿನ ಭಾಗ ಎಡಗಡೆ ಹೊಡೆತ ತಿಂದ್ರೂ ರಾಗಕ್ಕೆ ಬಲಗಡೆ ಮೆದುಳು ಕೈ ಕೊಡುತ್ತೆ ಅಂತ. ಆಮೇಲೆ "ನೀರು ಬೇಕು", "ಸಾಕು", "ನೋವು" ಇವನ್ನೆಲ್ಲ ರಾಗ ಹಾಕಿ, ಎಡಗೈ ತಾಳ ಹಾಕಿಸ್ತಾ ಹೇಳಿಸಿದ್ವಿ. ಈಗ ಹದಿನೈದಿಪ್ಪತ್ತು ಮಾತು ರಾಗ ಇಲ್ದೇನೂ ಬರುತ್ತೆ.

ಕಾಗದ ಪತ್ರ ಮುಂದಕ್ಕೆ ಹಾಕ್ಬೇಡಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ, ಅಂಗವೈಕಲ್ಯ 80 ಪರ್ಸೆಂಟ್ ಅಥವಾ ಮೇಲಿದ್ರೆ ನೀಲಿ ಕಾರ್ಡ್. ಟ್ಯಾಕ್ಸ್ ಕಟ್ಟೋರಿಗೆ ಹಳೇ ರೆಜೀಮಲ್ಲಿ ಅಂಗವೈಕಲ್ಯ ಇರೋ ಮನೆಯೋರ ಆರೈಕೆಗೆ ಅಂತ (1961ರ ಕಾಯ್ದೇಲಿ 80ಡಿಡಿ) ಆದಾಯದಲ್ಲಿ 75,000, ತೀವ್ರ ಅಂಗವೈಕಲ್ಯ ಇದ್ರೆ 1,25,000 ಕಳೀಬಹುದು, ನಮ್ಮ ಗುಂಪಿನ ಬ್ಯಾಂಕಿನೋರೇ ಎರಡು ವರ್ಷ ಇದನ್ನ ಬಿಟ್ಬಿಟ್ಟಿದ್ರು.

ಈಗ ನಮ್ಮನೆ ಆರೈಕೆ ಖರ್ಚು ಔಷಧಿ ಸೇರಿ ತಿಂಗ್ಳಿಗೆ 9-10 ಸಾವಿರ, ಅಂಗಡಿ ಬೆಳಗ್ಗೆ ಹನ್ನೊಂದರಿಂದ ಐದರತನಕ ತೆರೆದಿರುತ್ತೆ. ಫೌಲರ್ ಕಾಟ್ ನಮ್ಗೆ ಬೇಕಿಲ್ಲ, ಹೋದ್ ವಾರ ಗುಬ್ಬಿ ಕಡೆಯೋರೊಬ್ರು ಅಣ್ಣನ್ನ ನೋಡ್ಕೊಳ್ಳೋರು ಬಂದ್ರು, ಲಗೇಜ್ ಆಟೋಲಿ ಹಾಕಿ ಕಳಿಸಿದ್ವಿ, ಇನ್ಮೇಲೆ ನಮ್ಮ ತಿಂಗ್ಳ ದುಡ್ಡಲ್ಲಿ ಐದನೇ 500 ಅವ್ರದ್ದು. ಟೈಮರ್ ವೈರಿಂಗ್ ಬೇಕಾದೋರು ಕೇಳಿ, ಬರ್ಕೊಡ್ತೀನಿ. ಬೆಲ್ಟ್ ಅಳತೆ ಮಾತ್ರ ಪೇಷೆಂಟ್ ನೋಡ್ದೆ ಹೇಳಲ್ಲ.