ಮಂಡಿನೋವು: ಸವೆತವೋ, ಸೋಂಕಿನ ಬೆನ್ನಿಗೆ ಬಂದದ್ದೋ?

ಕೀಲು ಹಿಡಿದುಕೊಂಡರೆ ನಮ್ಮಲ್ಲಿ ಎಲ್ಲಕ್ಕೂ ಒಂದೇ ಹೆಸರು, ವಾತ. ಆದರೆ ಐವತ್ತು ದಾಟಿದವರ ಮಂಡಿ ಸವೆದು ನೋಯುವುದು ಬೇರೆ. ಭೇದಿಯಾಗಿ ಎರಡು ವಾರಕ್ಕೆ ಇಪ್ಪತ್ತೈದರ ಹುಡುಗನ ಮಂಡಿ ಊದಿಕೊಳ್ಳುವುದು ಬೇರೆ. ಕೀಲಿನೊಳಗೇ ಕೀವು ತುಂಬುವುದು ಇನ್ನೂ ಬೇರೆ. ಮೊದಲನೆಯದಕ್ಕೆ ವ್ಯಾಯಾಮವೇ ಮುಖ್ಯ ಔಷಧ, ಕೊನೆಯದಕ್ಕೆ ಅಂದೇ ಆಸ್ಪತ್ರೆ.

ಮೊದಲು ಮುಟ್ಟಿ ನೋಡಿ

ಅಂಗೈಯ ಹಿಂಬದಿಯಿಂದ ಎರಡೂ ಮಂಡಿ ಮುಟ್ಟಿ ಹೋಲಿಸಿ. ಒಂದೇ ಮಂಡಿ ಬಿಸಿಯಾಗಿದೆ, ಒಂದೆರಡು ದಿನದಲ್ಲೇ ಊದಿದೆ, ಮಡಚಲೂ ಚಾಚಲೂ ಆಗುತ್ತಿಲ್ಲ ಎಂದಾದರೆ ಜ್ವರ ಇರಲಿ, ಬಿಡಲಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಇದು ಬ್ಯಾಕ್ಟೀರಿಯಾ ಕೀಲಿನೊಳಗೆ ಹೊಕ್ಕ ಲಕ್ಷಣ ಇರಬಹುದು. ಹೆಚ್ಚಿನ ಸಲ ಕಾರಣ ಸ್ಟ್ಯಾಫಿಲೋಕಾಕಸ್ ಆರಿಯಸ್. ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಯನ್ನು ಇದು ಕೆಲವೇ ದಿನಗಳಲ್ಲಿ ಹಾಳುಮಾಡುತ್ತದೆ, ಹಾಳಾದದ್ದು ಮತ್ತೆ ಬೆಳೆಯುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದವರು, ಮಂಡಿ ಬದಲಿಸಿಕೊಂಡವರು ಹೆಚ್ಚು ಎಚ್ಚರ ವಹಿಸಬೇಕು. ಮೊದಲೇ ಸವೆದ ಮಂಡಿಗೂ ಸೋಂಕು ತಗಲುತ್ತದೆ. ‘ಇದು ಹಳೇ ನೋವು’ ಎಂದು ಮನೆಯಲ್ಲೇ ಕಾದು ಕೂತವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ಆಸ್ಪತ್ರೆಯಲ್ಲಿ ಸೂಜಿಯಿಂದ ಕೀಲಿನ ನೀರು ತೆಗೆದು ಬಿಳಿರಕ್ತಕಣ ಎಣಿಸುತ್ತಾರೆ. ಸವೆತದಲ್ಲಿ ಘನ ಮಿಲಿಮೀಟರಿಗೆ ಸಾಮಾನ್ಯವಾಗಿ 2,000ಕ್ಕಿಂತ ಕಡಿಮೆ, ಕೀವಾದಾಗ ಬಹಳಷ್ಟು ಸಲ 50,000ಕ್ಕೂ ಹೆಚ್ಚು. ಅದೇ ನೀರನ್ನು ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಕಲ್ಚರ್‌ಗೂ ಕಳಿಸುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯೋಟಿಕ್ ನುಂಗಿ ಹೋದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಯಾವ ಔಷಧ ಕೊಡಬೇಕೆಂಬುದೇ ತಿಳಿಯದೆ ಹೋಗಬಹುದು.

ಗಡಿಯಾರ ನೋಡಿ

ಬೆಳಿಗ್ಗೆ ಎದ್ದಾಗಿನ ಬಿಗಿತ ಸಡಿಲಾಗಲು ಎಷ್ಟು ಹೊತ್ತು ಬೇಕು? ಒಂದು ವಾರ ಬರೆದಿಡಿ. ಸವೆತದಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸರಿಹೋಗುತ್ತದೆ. ನಡೆದಾಗ, ಮೆಟ್ಟಿಲು ಇಳಿಯುವಾಗ ನೋವು, ಕೂತರೆ ಆರಾಮ. ಮಡಚಿದಾಗ ಕಟಕಟ ಸದ್ದು. ಬಿಗಿತ ಗಂಟೆಗಟ್ಟಲೆ ಉಳಿದು, ಓಡಾಡಿದ ಮೇಲೆಯೇ ಹಗುರಾಗುವುದಾದರೆ ಅದು ಉರಿಯೂತ, ಅಂದರೆ ಕೀಲಿನ ಒಳಪದರ ಕೆರಳಿ ಊದಿರುವುದು, ಇರಬಹುದು.

ಕ್ಯಾಲೆಂಡರ್ ನೋಡಿ

ಕಳೆದ ನಾಲ್ಕು ವಾರದಲ್ಲಿ ಭೇದಿ, ಉರಿಮೂತ್ರ, ಜ್ವರ ಬಂದಿತ್ತೇ? ಸಾಲ್ಮೊನೆಲ್ಲಾ, ಶಿಗೆಲ್ಲಾದಂಥ ಕರುಳಿನ ಸೋಂಕು ಅಥವಾ ಕ್ಲಮೀಡಿಯಾ ಎಂಬ ಲೈಂಗಿಕ ಸೋಂಕು ಆದ ಒಂದರಿಂದ ನಾಲ್ಕು ವಾರದಲ್ಲಿ ಮಂಡಿ, ಹರಡು (ಪಾದದ ಮೇಲಿನ ಕೀಲು) ಊದಬಹುದು. ಇದೇ ರಿಯಾಕ್ಟಿವ್ ಆರ್ಥ್ರೈಟಿಸ್. ಕೀಲಿನಲ್ಲಿ ಕೀವಿರುವುದಿಲ್ಲ, ರೋಗನಿರೋಧಕ ವ್ಯವಸ್ಥೆಯ ಅತಿಪ್ರತಿಕ್ರಿಯೆ ಅದು. ಹಿಮ್ಮಡಿ ನೋವು, ಕಣ್ಣು ಕೆಂಪಾಗುವುದು ಜೊತೆಗಿದ್ದರೆ ಅನುಮಾನ ಬಲವಾಗುತ್ತದೆ. ಲೈಂಗಿಕ ಸೋಂಕಿನ ಮಾತನ್ನು ಸಂಕೋಚದಿಂದ ಮುಚ್ಚಿಡಬೇಡಿ, ಸಂಗಾತಿಗೂ ಚಿಕಿತ್ಸೆ ಬೇಕಾಗುತ್ತದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಗುಣವಾಗುತ್ತದೆ.

ಚಿಕೂನ್‌ಗುನ್ಯಾ 2006ರಲ್ಲಿ ಕರ್ನಾಟಕದ ಲಕ್ಷಾಂತರ ಜನರ ಕೈಕಾಲು ಕಟ್ಟಿಹಾಕಿತ್ತು. ಜ್ವರ ವಾರದೊಳಗೆ ಇಳಿದರೂ ಬೆರಳು, ಮಣಿಕಟ್ಟು, ಹರಡಿನ ನೋವು ತಿಂಗಳುಗಟ್ಟಲೆ ಉಳಿಯಬಹುದು. ಜ್ವರದ ದಿನಗಳಲ್ಲಿ ಡೆಂಗಿ ಅಲ್ಲವೆಂದು ಖಚಿತವಾಗುವ ತನಕ ಪ್ಯಾರಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ಡೆಂಗಿಯಾಗಿದ್ದರೆ ರಕ್ತಸ್ರಾವ ಹೆಚ್ಚುತ್ತದೆ.

ಐದರಿಂದ ಹದಿನೈದು ವಯಸ್ಸಿನ ಮಕ್ಕಳಿಗೆ ಗಂಟಲುನೋವಾದ ಎರಡು ಮೂರು ವಾರಕ್ಕೆ ಕೀಲಿನಿಂದ ಕೀಲಿಗೆ ಓಡಾಡುವ ನೋವು ಬಂದರೆ ರುಮ್ಯಾಟಿಕ್ ಜ್ವರವಿರಬಹುದು. ಇಲ್ಲಿ ಕೀಲು ವಾಸಿಯಾಗುತ್ತದೆ, ಹೃದಯದ ಕವಾಟಕ್ಕೆ ಪೆಟ್ಟು ಬೀಳಬಹುದು. ಎಕೋ (ಹೃದಯದ ಸ್ಕ್ಯಾನ್) ಪರೀಕ್ಷೆ ತಪ್ಪಿಸಬೇಡಿ.

ಪರೀಕ್ಷೆಗಳಲ್ಲಿ ದಾರಿ ತಪ್ಪುವುದೆಲ್ಲಿ?

ಮಂಡಿಯ ಎಕ್ಸ್‌ರೇಯನ್ನು ನಿಂತೇ ತೆಗೆಸಿ. ಮಲಗಿಸಿ ತೆಗೆದರೆ ಮೂಳೆಗಳ ನಡುವಿನ ಅಂತರ ಎಷ್ಟು ಕಡಿಮೆಯಾಗಿದೆ ಎಂದು ಸರಿಯಾಗಿ ಕಾಣುವುದಿಲ್ಲ. ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ರುಮಟಾಯ್ಡ್ (ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ಎರಗುವ ಸಂಧಿವಾತ) ಎಂದು ಹೆದರಬೇಡಿ, ಆರೋಗ್ಯವಂತ ವೃದ್ಧರಲ್ಲೂ ಅದು ಬರುತ್ತದೆ. ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತ ಅಳೆಯುವ ರಕ್ತಪರೀಕ್ಷೆಗಳ ಅಂಕಿ ಬರೀ ಸವೆತದಲ್ಲಿ ಅಷ್ಟಾಗಿ ಏರುವುದಿಲ್ಲ.

ಸವೆತವೇ ಎಂದು ಖಚಿತವಾದರೆ

ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಹೊರೆ ಇಳಿಯುತ್ತದೆ. ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತು ಒಂದು ಕಾಲನ್ನು ನೇರಕ್ಕೆ ಚಾಚಿ, ಐದು ಎಣಿಸುವವರೆಗೆ ಹಿಡಿದು, ನಿಧಾನ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆರಡು ಹೊತ್ತು. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಎರಡನೇ ವಾರಕ್ಕೇ ಬಿಡುವವರೇ ಜಾಸ್ತಿ. ವ್ಯಾಯಾಮದ ನಂತರದ ನೋವು ಮರುದಿನವೂ ಜೋರಾಗಿದ್ದರೆ ಸಂಖ್ಯೆ ಅರ್ಧಕ್ಕಿಳಿಸಿ, ಪೂರ್ತಿ ನಿಲ್ಲಿಸಬೇಡಿ. ತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ನೆಲದಲ್ಲಿ ಚಕ್ಕಳಮಕ್ಕಳ ಕೂರುವುದು, ಕುಕ್ಕುರುಗಾಲಲ್ಲಿ ಕೂರುವುದು ಕಡಿಮೆ ಮಾಡಿ, ಕಮೋಡ್ ಬಳಸಿ.

ಬೇಗ ಆರಾಮ ಕೊಡುವ ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ಮುಟ್ಟಲೇಬೇಡಿ. ಅವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ವೈದ್ಯರಿಗೆ ತೋರಿಸಿ ಹಂತಹಂತವಾಗಿ ಬಿಡಬೇಕು.

ಕೋಲು ಹಿಡಿಯುವುದಾದರೆ ನೋವಿರುವ ಕಡೆಯ ಕೈಯಲ್ಲಲ್ಲ, ಎದುರು ಕೈಯಲ್ಲಿ ಹಿಡಿಯಿರಿ. ಬಲಮಂಡಿ ನೋವಿಗೆ ಎಡಗೈಯಲ್ಲಿ ಕೋಲು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿರಬೇಕು.